ಏನೋ ಒಂದು ಆಗಲಿ

ಯಾರು ಗೆಲ್ಲುತ್ತಾರೆ ಅಂತ ಬಾಜಿ ಕಟ್ಟುವುದು ಎಲ್ಲ ದೇಶದಲ್ಲೂ ಇರುವ ಚಟ. ಅಮೆರಿಕದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಫೆಬ್ರುವರಿಯ ಒಂದು ಭಾನುವಾರ ಅವರ ಫುಟ್‌ಬಾಲ್ ಫೈನಲ್, ಅಂದರೆ ಸೂಪರ್ ಬೌಲ್ ನಡೆಯುತ್ತದೆ. ಆ ದಿನ ಟಾಸ್‌ನಲ್ಲಿ ಹೆಡ್ಸ್ ಬೀಳುತ್ತಾ, ಟೇಲ್ಸ್ ಬೀಳುತ್ತಾ? ರಾಷ್ಟ್ರಗೀತೆ ಎರಡು ನಿಮಿಷ ದಾಟುತ್ತಾ? ಗೆದ್ದವರು ತಮ್ಮ ಕೋಚ್ ತಲೆ ಮೇಲೆ ಸುರಿಯುವ ಗೇಟೊರೇಡ್ ಪಾನೀಯ ಯಾವ ಬಣ್ಣದ್ದು? ಇದಕ್ಕೆಲ್ಲ ಒಂದೊಂದು ದರ ಇದೆ. ಪ್ರಾಪ್ ಬೆಟ್ ಅನ್ನುತ್ತಾರೆ. ಆಟ ಗೊತ್ತಿಲ್ಲದವರಿಗೂ ಆಟದ ಮೇಲೆ ದುಡ್ಡು ಹಾಕಲು ಮಾಡಿಕೊಟ್ಟ ಪಕ್ಕದ ಬಾಗಿಲು ಇದು.

ಆ ಬಾಗಿಲನ್ನು ದೊಡ್ಡದು ಮಾಡಿದವನು ವಿಲಿಯಂ ಪೆರಿ. ಶಿಕಾಗೋ ಬೇರ್ಸ್ ತಂಡದವನು, 300 ಪೌಂಡಿಗೂ ಜಾಸ್ತಿ ತೂಕ, ಅಡ್ಡಹೆಸರೇ ರೆಫ್ರಿಜರೇಟರ್. ಎದುರಾಳಿಗೆ ಅಡ್ಡ ನಿಲ್ಲುವುದು ಅವನ ಕೆಲಸ, ಚೆಂಡು ಹಿಡಿದು ಓಡುವುದಲ್ಲ. ಆದರೂ ಆ ಸೀಸನ್‌ನಲ್ಲಿ ಕೋಚ್ ಮೈಕ್ ಡಿಟ್ಕಾ ಆಗಾಗ ಅವನ ಕೈಗೆ ಚೆಂಡು ಕೊಟ್ಟು ಜನರನ್ನು ನಗಿಸಿದ್ದ. 1986ರ ಸೂಪರ್ ಬೌಲ್‌ಗೆ ಮುಂಚೆ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಕ್ಯಾಸಿನೋದವರು 'ಪೆರಿ ಟಚ್‌ಡೌನ್ ಮಾಡ್ತಾನಾ?', ಅಂದರೆ ಚೆಂಡು ಹಿಡಿದು ಎದುರಾಳಿಯ ಗೆರೆ ದಾಟುತ್ತಾನಾ ಅಂತ ಬಾಜಿ ತೆರೆದರು. ಶುರುವಿನ ದರ 20ಕ್ಕೆ 1, ಅಂದರೆ 1 ಡಾಲರ್ ಹಾಕಿದವನಿಗೆ 20 ಡಾಲರ್ ಗೆಲುವು. ಜನ ಮುಗಿಬಿದ್ದರು. ದರ ದಿನದಿನಕ್ಕೆ ಇಳಿಯಿತು, ಜನ ಮಾತ್ರ ಕಡಿಮೆಯಾಗಲಿಲ್ಲ. ಆಟದ ಮೂರನೇ ಭಾಗದಲ್ಲಿ ಗೆರೆ ಒಂದು ಗಜ ದೂರ ಇದ್ದಾಗ ಚೆಂಡು ಪೆರಿ ಕೈಗೇ ಬಂತು. ಅಡ್ಡ ಬಂದವರನ್ನೂ ತಳ್ಳಿಕೊಂಡು ಒಳಗೆ ನುಗ್ಗಿದ. ಕ್ಯಾಸಿನೋಗಳ ಕಿಸೆ ಹರಿಯಿತು. ಅದೇ ಪಂದ್ಯದಲ್ಲಿ ತಂಡದ ದೊಡ್ಡ ಆಟಗಾರ ವಾಲ್ಟರ್ ಪೇಟನ್‌ಗೆ ಒಂದೂ ಟಚ್‌ಡೌನ್ ಸಿಗಲಿಲ್ಲ. ಡಿಟ್ಕಾ ಆಮೇಲೆ ಅದಕ್ಕೆ ಬೇಜಾರು ಮಾಡಿಕೊಂಡ. ಬಾಜಿ ಗೆದ್ದವರಲ್ಲಿ ಯಾರೂ ಬೇಜಾರು ಮಾಡಿಕೊಂಡಿರಲಾರರು.

ಪಂದ್ಯ ಮುಗಿದದ್ದು 46-10ಕ್ಕೆ. ಬುಕ್ಕಿಗಳಿಗೆ ದುಡ್ಡು ಹೋಯಿತು, ಬುದ್ಧಿ ಬಂತು. ಆಟ ಏಕಪಕ್ಷೀಯ ಆದರೂ ಜನರನ್ನು ಕೊನೆತನಕ ಕೂರಿಸಬಹುದು ಅಂತ ಗೊತ್ತಾಯಿತು. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಗೆದ್ದೇ ಗೆಲ್ಲುತ್ತೆ ಅಂತ ಎಲ್ಲರಿಗೂ ಖಾತ್ರಿಯಿತ್ತು. ಅಂಥ ಪಂದ್ಯಕ್ಕೆ ಯಾರು ಬಾಜಿ ಕಟ್ಟುತ್ತಾರೆ? ಇಂಪೀರಿಯಲ್ ಪ್ಯಾಲೇಸ್ ಕ್ಯಾಸಿನೋದ ಜೇ ಕೊರ್ನೆಗೇ ಪ್ರಾಪ್‌ಗಳ ಪಟ್ಟಿಯನ್ನೇ ಉದ್ದ ಮಾಡಿಬಿಟ್ಟ. ಅದು ಈಗ ಪುಟಗಟ್ಟಲೆ ಬೆಳೆದಿದೆ.

ಇದರಲ್ಲಿ ನನಗೆ ಮಜಾ ಕೊಡುವುದು ಟಾಸ್. ಅಲ್ಲಿ ಪಂಡಿತನೂ ಒಂದೇ, ಪಾಮರನೂ ಒಂದೇ. ಆದರೂ 100 ಡಾಲರ್ ಗೆಲ್ಲಬೇಕಾದರೆ 105ರ ಹತ್ತಿರ ಇಡಬೇಕು. ಸುಮ್ನೆ ನಾಣ್ಯ ಮೇಲೆ ಹೋಗಿ ಕೆಳಗೆ ಬೀಳುವುದಕ್ಕೂ ಬುಕ್ಕಿ ಕಮಿಷನ್ ತೆಗೆದುಕೊಳ್ಳುತ್ತಾನೆ! 1998ರಿಂದ 2011ರವರೆಗೆ 14 ಸಲ ಒಂದೇ ಸಮನೆ, ಲೀಗಿನ ಎರಡು ಬಣಗಳಲ್ಲಿ ಒಂದಾದ ಎನ್‌ಎಫ್‌ಸಿಯ ತಂಡವೇ ಟಾಸ್ ಗೆದ್ದಿತ್ತು. ಲೆಕ್ಕ ಹಾಕಿದರೆ 16,384ರಲ್ಲಿ ಒಂದು ಸಲ ಆಗುವಂಥದ್ದು. ನಾಣ್ಯಕ್ಕೆ ಈ ಲೆಕ್ಕ ಯಾರೂ ಹೇಳಿರಲಿಲ್ಲ, ಪಾಪ.

ರಾಷ್ಟ್ರಗೀತೆಯದು ಇನ್ನೊಂದು ರಗಳೆ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಅದರ ಮೇಲೆ ಬಾಜಿಗೆ ಅವಕಾಶವಿಲ್ಲ. ಅದು ಮೈದಾನದ ಆಟದಿಂದ ತೀರ್ಮಾನವಾಗುವ ಸಂಗತಿಯಲ್ಲ. ರಿಹರ್ಸಲ್ ಕೇಳಿಸಿಕೊಂಡವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಅಲ್ವಾ? ಬೇರೆ ಕಡೆಯ ಬುಕ್ಕಿಗಳು ಮಾತ್ರ ಬಿಡುವುದಿಲ್ಲ. 2019ರಲ್ಲಿ ಅಟ್ಲಾಂಟಾದಲ್ಲಿ ಗ್ಲಾಡಿಸ್ ನೈಟ್ ಹಾಡಿದರು. ಕೊನೆಯ ಪದ ಎಳೆದು ಮುಗಿಸಿ, ಅದನ್ನೇ ಮತ್ತೆ ಹಾಡಿದರು. ಹಾಗಾದರೆ ಹಾಡು ಮುಗಿದದ್ದು ಯಾವಾಗ? ಇಷ್ಟು ಚಂದದ ದನಿ ಕೇಳುತ್ತಾ ಗಡಿಯಾರ ನೋಡುತ್ತಿದ್ದವರು ಜಗಳಕ್ಕೆ ನಿಂತರು. ಕೆಲವು ಬುಕ್ಕಿಗಳು ಎರಡೂ ಕಡೆಯವರಿಗೆ ದುಡ್ಡು ಕೊಟ್ಟು ಕೈ ತೊಳೆದುಕೊಂಡರು.

ಇಷ್ಟೆಲ್ಲ ಪ್ರಶ್ನೆಗಳಲ್ಲಿ ಒಂದು ವಿಚಿತ್ರ ಇದೆ. 'ಹೌದು' ಅನ್ನುವವರು ಜಾಸ್ತಿ, 'ಇಲ್ಲ' ಅನ್ನುವವರು ಕಡಿಮೆ. ಸೇಫ್ಟಿ ಆಗುತ್ತಾ, ಅಂದರೆ ಚೆಂಡು ಕೈಯಲ್ಲಿರುವ ತಂಡವೇ ತನ್ನದೇ ಗೆರೆಯ ಹಿಂದೆ ಸಿಕ್ಕಿಬಿದ್ದು ಎದುರಾಳಿಗೆ 2 ಅಂಕ ದಾನ ಮಾಡುತ್ತಾ ಅಂದರೆ, ಜನ 'ಹೌದು' ಅಂತ 10 ಡಾಲರ್ ಹಾಕುತ್ತಾರೆ. ಆಗುವುದಿಲ್ಲ ಅನ್ನುವವನು 100 ಗೆಲ್ಲಲು 800ನ್ನೋ 1000ವನ್ನೋ ಇಡಬೇಕು. ಇಟ್ಟು, ಮೂರು ನಾಲ್ಕು ಗಂಟೆ ಏನೂ ಆಗದಿರಲಪ್ಪಾ ಅಂತ ಬೇಡಿಕೊಂಡು ಕೂರಬೇಕು. ವೃತ್ತಿಯವರು ಹಾಗೇ ಮಾಡುತ್ತಾರೆ, ಬಹಳ ಸಲ ಗೆಲ್ಲುತ್ತಾರೆ. ಮೊದಲ 50 ಸೂಪರ್ ಬೌಲ್‌ಗಳಲ್ಲಿ ಒಂದೂ ಹೆಚ್ಚುವರಿ ಸಮಯಕ್ಕೆ ಹೋಗಲಿಲ್ಲ. 'ಇಲ್ಲ' ಅಂದವರು ಪ್ರತಿ ಸಲ ಚೂರುಪಾರು ಜೇಬಿಗಿಳಿಸಿಕೊಂಡರು. 2017ರಲ್ಲಿ 28-3ರ ಹಿನ್ನಡೆಯಿಂದ ನ್ಯೂ ಇಂಗ್ಲೆಂಡ್ ಎದ್ದುಬಂದು ಆ ಲೆಕ್ಕ ಕೆಡಿಸಿತು.

ಆದರೆ 'ಹೌದು' ಮಂದಿಗೂ ಒಂದು ಸುಗ್ಗಿ ಬಂದಿತ್ತು. 2012ರಲ್ಲಿ ನ್ಯೂ ಇಂಗ್ಲೆಂಡ್‌ನ ಮೊದಲ ಎಸೆತದಲ್ಲೇ ಟಾಮ್ ಬ್ರೇಡಿ ತನ್ನ ಗೆರೆಯ ಹಿಂದೆ ನಿಂತು ಯಾರೂ ಇಲ್ಲದ ಕಡೆ ಚೆಂಡು ಒಗೆದ. ಸೇಫ್ಟಿ. 2013ರಲ್ಲಿ ಬಾಲ್ಟಿಮೋರ್‌ನವರು ಕೊನೆ ಗಳಿಗೆಯಲ್ಲಿ ಸಮಯ ಕಳೆಯಲು ಬೇಕಂತಲೇ ಸೇಫ್ಟಿ ಕೊಟ್ಟರು. 2014ರಲ್ಲಿ ಚೆಂಡು ಡೆನ್ವರ್ ತಂಡದ ಪೇಟನ್ ಮ್ಯಾನಿಂಗ್‌ನ ಪಕ್ಕದಿಂದ ಹಾರಿ ಗೆರೆಯ ಹಿಂದಕ್ಕೆ ಹೋಯಿತು. ಶುರುವಾಗಿ 12 ಸೆಕೆಂಡ್ ಆಗಿತ್ತು ಅಷ್ಟೇ! ಮೂರು ವರ್ಷ ಸತತವಾಗಿ ಬುಕ್ಕಿಗಳು ತಲೆ ಮೇಲೆ ಕೈ ಹೊತ್ತು ಕೂತರು.

ಅಮೆರಿಕದಲ್ಲಿರುವ ಕನ್ನಡದವರ ಮನೆಗಳಲ್ಲಿ ಇದೆಲ್ಲ ಒಂದು ಹಾಳೆ ಮೇಲೆ ಪ್ರಿಂಟಾಗಿ ಬರುತ್ತದೆ. ದುಡ್ಡಿಲ್ಲ, ಗೆದ್ದವರಿಗೆ ಚಾಕೊಲೇಟ್ ಡಬ್ಬಿ. 2025ರಲ್ಲಿ ನ್ಯೂಜೆರ್ಸಿಯ ಗೆಳೆಯನ ಮನೆಯಲ್ಲಿ, ದಾವಣಗೆರೆಯಿಂದ ಬಂದಿದ್ದ ಅವನ ತಾಯಿಗೂ ಒಂದು ಹಾಳೆ ಕೊಟ್ಟೆವು. "ಅಲ್ಲಪ್ಪಾ, ಗೆದ್ದವನ ತಲೆ ಮೇಲೆ ಬಣ್ಣದ ನೀರು ಯಾಕೆ ಸುರೀತಾರೆ?" ಅಂದರು. "ಖುಷಿಗೆ ಅಮ್ಮಾ" ಅಂದ ಮಗ. "ಖುಷಿಗೆ ಅಂದ್ಮೇಲೆ ಹಳದಿನೇ ಇರಬೇಕು" ಅಂತ ಟಿಕ್ ಹಾಕಿದರು. ಹಿಂದಿನ ಎರಡು ವರ್ಷ ನೇರಳೆ ಬಂದಿತ್ತು ಅಂತ ಮೊಬೈಲ್ ನೋಡಿ ನಾವೆಲ್ಲ ನೇರಳೆ ಹಾಕಿದ್ದೆವು. ಫಿಲಡೆಲ್ಫಿಯಾ 40-22ರಲ್ಲಿ ಗೆದ್ದಿತು. ಕೋಚ್ ನಿಕ್ ಸಿರಿಯಾನಿ ತಲೆಯಿಂದ ಇಳಿದದ್ದು ಹಳದಿ. ಅಮ್ಮ ಡಬ್ಬಿ ತೆಗೆದುಕೊಂಡು, ಆಟ ಯಾರು ಗೆದ್ದರು ಅಂತ ಕೇಳಿದರು.

ಏನೋ ಒಂದು ಆಗಲಿ ಅನ್ನುವ ಆಸೆಯನ್ನು ತೀರಾ ಮುಂದಕ್ಕೆ ಒಯ್ದವನು ಬೇರೆಯೇ ಒಬ್ಬ. 2021ರಲ್ಲಿ ಟ್ಯಾಂಪಾದಲ್ಲಿ ಒಬ್ಬ ಪ್ರೇಕ್ಷಕ ಮೈದಾನಕ್ಕೆ ಹಾರಿ, ಕಾವಲಿನವರನ್ನೆಲ್ಲ ಆಟವಾಡಿಸುತ್ತಾ ಓಡಿದ. ಯಾರಾದರೂ ಮೈದಾನಕ್ಕೆ ನುಗ್ಗುತ್ತಾರಾ ಅನ್ನುವ ಬಾಜಿಗೆ 'ಹೌದು' ಅಂತ ದೊಡ್ಡ ಮೊತ್ತ ಹಾಕಿಸಿ ತಾನೇ ಓಡಿದೆ ಅಂತ ಆಮೇಲೆ ಹೇಳಿಕೊಂಡ. ದುಡ್ಡು ಬರುವ ಬದಲು ಪೊಲೀಸರು ಬಂದರು.