ಆಮೆಗೂ ಐವತ್ತು ಡಾಲರ್

ಅಮೆರಿಕದ ಕೆಂಟುಕಿ ರಾಜ್ಯದಲ್ಲಿ ಭಾನುವಾರ ಚರ್ಚಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಮಗ ಸಾಕಿದ ಪುಟ್ಟ ಆಮೆ ಜೇಬಿನಲ್ಲಿದೆ. ಪ್ರಾರ್ಥನೆಯ ನಡುವೆ ಅದನ್ನು ಹೊರತೆಗೆದು ಪಕ್ಕದವರಿಗೆ ತೋರಿಸಿದಿರೋ, ಕೆಟ್ಟಿರಿ. 1940ರಲ್ಲಿ ಆದ ಕಾನೂನೊಂದರ ಪ್ರಕಾರ ಧಾರ್ಮಿಕ ಸಭೆಯಲ್ಲಿ ‘ಯಾವುದೇ ಬಗೆಯ ಸರೀಸೃಪ’ವನ್ನು ತೋರಿಸಿದರೆ, ಹಿಡಿದರೆ, ಬಳಸಿದರೆ 50ರಿಂದ 100 ಡಾಲರ್ ದಂಡ. ಆಮೆಯೂ ಸರೀಸೃಪವೇ. ಗೋಡೆಯ ಮೇಲಿನ ಹಲ್ಲಿಯೂ ಅದೇ ಜಾತಿ. ತನ್ನ ಪಾಡಿಗೆ ಲೊಚಗುಟ್ಟುತ್ತಿದ್ದರೆ ಪರವಾಗಿಲ್ಲ, ನೀವು ಮುಟ್ಟಬಾರದು ಅಷ್ಟೆ. ಅದೇ ಆಮೆಯನ್ನು ಹೆಂಡದಂಗಡಿಯ ಮೇಜಿನ ಮೇಲೆ ಓಡಿಸಿ ಪಂದ್ಯ ಕಟ್ಟಿ, ಈ ಕಲಮು ತುಟಿಪಿಟಕ್ಕೆನ್ನುವುದಿಲ್ಲ. ದೇವರ ಹೆಸರೆತ್ತಿದಾಗಲೇ ಆಮೆ ಅಪಾಯಕಾರಿ.

ಶಾಸಕರಿಗೆ ಆಮೆಯ ಮೇಲೆ ಹಗೆಯೇನೂ ಇರಲಿಲ್ಲ ಬಿಡಿ. ಅವರ ಕಣ್ಣು ಇದ್ದದ್ದು ಅಪಲೇಶಿಯ ಬೆಟ್ಟಸಾಲಿನ ಹಾವಿನ ಚರ್ಚುಗಳ ಮೇಲೆ. ಅಲ್ಲಿ ಗಿಟಾರು, ತಾಳ, ಕುಣಿತದ ನಡುವೆ ಪವಿತ್ರಾತ್ಮದ ಅಭಿಷೇಕ ಮೈಮೇಲೆ ಇಳಿಯಿತು ಅನ್ನಿಸಿದವರು ಮರದ ಪೆಟ್ಟಿಗೆ ತೆರೆದು ಗಿಲಕಿಹಾವನ್ನೋ ಕಾಪರ್‌ಹೆಡ್ಡನ್ನೋ ಬರಿಗೈಯಲ್ಲಿ ಎತ್ತುತ್ತಾರೆ; ಎರಡೂ ವಿಷದ ಹಾವುಗಳೇ. ಪದ್ಧತಿಯನ್ನು ಹಬ್ಬಿಸಿದವನೆಂದು ಹೆಸರಾದವನು ಟೆನೆಸ್ಸೀಯ ಜಾರ್ಜ್ ವೆಂಟ್ ಹೆನ್ಸ್‌ಲಿ. 1910ರ ಸುಮಾರಿಗೆ ಬೈಬಲಿನ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ‘ಹಾವುಗಳನ್ನು ಎತ್ತುವರು’ ಎಂಬ ಮಾತು ಅವನ ಎದೆಗೆ ನಾಟಿತು. ಎತ್ತುವರು ಅಂದಮೇಲೆ ಎತ್ತಲೇಬೇಕು ಎಂದು ಬೆಟ್ಟ ಹತ್ತಿ ಹಾವು ಹಿಡಿದು ತಂದ. ನಡುವೆ 1923ರಲ್ಲಿ ಕಳ್ಳಭಟ್ಟಿ ಕಾಯಿಸಿ ಸಿಕ್ಕಿಬಿದ್ದ. ಸುವಾರ್ತೆಯಲ್ಲಿ ಅದರ ಪ್ರಸ್ತಾಪ ಇರಲಿಲ್ಲವಾದ್ದರಿಂದ ಅದು ಸ್ವಂತ ಪ್ರತಿಭೆ ಅನ್ನಬೇಕು. 1955ರಲ್ಲಿ ಫ್ಲಾರಿಡಾದಲ್ಲಿ ಹಾವೇ ಕಚ್ಚಿ, ಔಷಧಿ ಬೇಡವೆಂದು ತೀರಿಕೊಂಡ.

ಈಗ ಆ ವಚನದ ವಿಷಯಕ್ಕೆ ಬರೋಣ. ಅದು ಬಾಳೆಲೆಯ ಊಟ ಇದ್ದಂತೆ. ಐದು ಪದಾರ್ಥ ಬಡಿಸಿದ್ದಾರೆ. ನಂಬಿದವರು ದೆವ್ವ ಬಿಡಿಸುವರು, ಹೊಸ ಭಾಷೆಗಳನ್ನು ಆಡುವರು, ಹಾವು ಎತ್ತುವರು, ವಿಷ ಕುಡಿದರೂ ಏನೂ ಆಗದು, ಕೈಯಿಟ್ಟರೆ ರೋಗಿಗಳು ಗುಣವಾಗುವರು. ಕೈಯಿಟ್ಟು ಗುಣಪಡಿಸುವುದು ಪಾಯಸ. ಅದನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಸ್ಟೇಡಿಯಂ ತುಂಬ ಜನ ಸೇರಿಸಿ, ಟೀವಿಯಲ್ಲಿ ತೋರಿಸಿ, ಕಾಣಿಕೆ ಎತ್ತುವಷ್ಟು ಸಿಹಿ. ದೆವ್ವ ಬಿಡಿಸುವುದಕ್ಕೂ ಗಿರಾಕಿಗಳಿದ್ದಾರೆ. ಅನ್ಯಭಾಷೆಗೆ ಖರ್ಚೇ ಇಲ್ಲ. ಹಾವಿನ ಹತ್ತಿರ ಬಂದಾಗ ಮಾತ್ರ ದೊಡ್ಡ ದೊಡ್ಡ ಬೋಧಕರೆಲ್ಲ ಎಲೆಯಂಚಿನ ಹಾಗಲಕಾಯಿ ಗೊಜ್ಜು ಕಂಡ ಮಕ್ಕಳಂತೆ ಮುಖ ಆಚೆ ತಿರುಗಿಸುತ್ತಾರೆ. ‘ಅದು ಅಪೊಸ್ತಲರ ಕಾಲಕ್ಕೆ ಹೇಳಿದ್ದು’ ಅನ್ನುತ್ತಾರೆ. ‘ಪೌಲನಿಗೆ ಮಾಲ್ಟಾ ದ್ವೀಪದಲ್ಲಿ ಹಾವು ಆಕಸ್ಮಿಕವಾಗಿ ಕಚ್ಚಿತು, ಅವನು ಕೊಡವಿ ಬೆಂಕಿಗೆ ಹಾಕಿದ, ಎತ್ತಿಕೊಂಡು ಕುಣಿಯಲಿಲ್ಲ’ ಅನ್ನುತ್ತಾರೆ. ‘ದೇವರನ್ನು ಪರೀಕ್ಷಿಸಬಾರದು’ ಅನ್ನುತ್ತಾರೆ. ಎಲ್ಲವೂ ತೂಕದ ಮಾತೇ. ಆದರೆ ಅದೇ ಉಸಿರಿನಲ್ಲಿ ಹೇಳಿದ ಪಾಯಸ ಯಾವ ಕಾಲಕ್ಕೆ ಹೇಳಿದ್ದು ಸ್ವಾಮಿ? ಹೆನ್ಸ್‌ಲಿಯ ಬೆನ್ನು ಮೊದಲು ತಟ್ಟಿದ ಚರ್ಚ್ ಆಫ್ ಗಾಡ್ ಎಂಬ ಪಂಥ ಕೂಡ ಆಮೇಲೆ ಕೈ ತೊಳೆದುಕೊಂಡಿತು.

ವಿಷದಲ್ಲೂ ಒಂದು ಸೂಕ್ಷ್ಮವಿದೆ. ಬೆಟ್ಟದ ಭಕ್ತರ ವ್ಯಾಕರಣ ಗಟ್ಟಿ: ಹಾವು ‘ಎತ್ತುವರು’, ಅಂದರೆ ಅಪ್ಪಣೆ, ವಿಷ ‘ಕುಡಿದರೆ’, ಅಂದರೆ ಐಚ್ಛಿಕ. ಐಚ್ಛಿಕ ವಿಷಯ ತೆಗೆದುಕೊಂಡವರು ಕುಡಿಯುವುದು ನೀರಿಗೆ ಬೆರೆಸಿದ ಸ್ಟ್ರಿಕ್ನೀನ್, ನಮ್ಮ ಕಾಸರಕದ ಬೀಜದಲ್ಲಿರುವ ಅದೇ ವಿಷ. 1973ರಲ್ಲಿ ಟೆನೆಸ್ಸೀಯ ಒಂದು ಚರ್ಚಿನಲ್ಲಿ ಇಬ್ಬರು ಹಾಗೆ ಕುಡಿದು ಸತ್ತರು.

ಇಷ್ಟರ ಮೇಲೆ ವಿದ್ವಾಂಸರು ಬಂದು ಎಲೆಯನ್ನೇ ಎಳೆದುಬಿಟ್ಟರು. ನಾಲ್ಕನೇ ಶತಮಾನದ ವ್ಯಾಟಿಕಾನಸ್, ಸಿನೈಟಿಕಸ್ ಹಸ್ತಪ್ರತಿಗಳಲ್ಲಿ ಮಾರ್ಕನ ಕಥೆ ಆ 16ನೇ ಅಧ್ಯಾಯದ ಎಂಟನೇ ವಚನಕ್ಕೇ ಮುಗಿಯುತ್ತದೆ; ಹಾವು ಬರುವ ಭಾಗ ಆಮೇಲೆ ಯಾರೋ ಸೇರಿಸಿದ್ದು ಎಂಬುದು ಬಹುಪಾಲು ಪಂಡಿತರ ಮತ. ಎಡಗೈಯಲ್ಲಿ ಗಿಲಕಿಹಾವು ಹಿಡಿದವನಿಗೆ ಪಾಠಾಂತರದ ಸಮಸ್ಯೆ ವಿವರಿಸುವ ಧೈರ್ಯ ಯಾವ ಪಂಡಿತನಿಗಿದೆಯೋ ಕಾಣೆ.

ವಾದದಲ್ಲಂತೂ ಭಕ್ತರನ್ನು ಸೋಲಿಸಲಾಗದು. ಕಚ್ಚದಿದ್ದರೆ ದೇವರ ಕೃಪೆ. ಕಚ್ಚಿ ಬದುಕಿದರೆ ಹಾವಿನ ಹಲ್ಲು ಕಿತ್ತಿಲ್ಲವೆಂಬುದಕ್ಕೆ ಸಾಕ್ಷಿ. ಸತ್ತರೆ ಆಯುಷ್ಯ ತೀರಿತ್ತು.

ಭಕ್ತರು ಹೀಗಾದರೆ ಸರ್ಕಾರಗಳಾದರೂ ನೆಟ್ಟಗಿವೆಯೇ? ಜಾರ್ಜಿಯಾ 1941ರಲ್ಲಿ ಕಾನೂನು ಮಾಡಿತು: ಚರ್ಚಿನ ಹಾವು ಕಚ್ಚಿ ಯಾರಾದರೂ ಸತ್ತರೆ, ಕಾರಣನಾದವನಿಗೆ ಮರಣದಂಡನೆಯವರೆಗೂ ಶಿಕ್ಷೆ. ಒಬ್ಬ ಸಾಯದಿರಲಿ ಎಂದು ಇನ್ನೊಬ್ಬನನ್ನು ವಿದ್ಯುತ್ ಕುರ್ಚಿಗೆ ಕೂರಿಸುವ ಏರ್ಪಾಡು. ಹಾವು ಕೊಂದರೆ ಮೂಢನಂಬಿಕೆ, ಕರೆಂಟು ಕೊಂದರೆ ಸಾರ್ವಜನಿಕ ಸುರಕ್ಷತೆ. 1968ರಲ್ಲಿ ಆ ಕಾನೂನು ಕಳಚಿಬಿತ್ತು. ಟೆನೆಸ್ಸೀಯ ಸುಪ್ರೀಂ ಕೋರ್ಟು 1975ರಲ್ಲಿ ಹಾವನ್ನೂ ಸ್ಟ್ರಿಕ್ನೀನನ್ನೂ ನಿಷೇಧಿಸಿತು. ವಿಧವೆಯರೂ ಅನಾಥರೂ ಅನಗತ್ಯವಾಗಿ ಹೆಚ್ಚಬಾರದು ಎಂದಿತು. ಸರಿ. ಅಲ್ಲಿಗೇ ನಿಲ್ಲಿಸಿದ್ದರೆ ಕಣ್ಣೊರೆಸಿಕೊಳ್ಳಬಹುದಿತ್ತು. ದೇಶಕ್ಕೆ ಗಟ್ಟಿಮುಟ್ಟಾದ, ತೆರಿಗೆ ಕಟ್ಟುವ, ಆಯುಧ ಹಿಡಿಯಬಲ್ಲ ಪ್ರಜೆಗಳು ಬೇಕು ಎಂದೂ ಸೇರಿಸಿತು. ವಿಯೆಟ್ನಾಂ ಯುದ್ಧದ ಕೊನೆಗೆ ಸೈಗಾನ್ ಬಿದ್ದದ್ದೂ ಅದೇ ವರ್ಷ. ಇನ್ನು ಕೆಂಟುಕಿಯ ಮಗ್ಗುಲಿನ ವೆಸ್ಟ್ ವರ್ಜೀನಿಯಾದಲ್ಲಿ ನಿಷೇಧವೇ ಇಲ್ಲ. ಗಡಿಯ ಈಚೆಗೆ ಅಪರಾಧವಾದದ್ದು ಆಚೆಗೆ ಆರಾಧನೆ. ಹಾವಿಗೆ ಇದನ್ನು ಯಾರೂ ಹೇಳಿಲ್ಲ.

2013ರಲ್ಲಿ ಟೀವಿಯವರಿಗೂ ಹಾವಿನ ಭಕ್ತಿ ಬಂತು. ನ್ಯಾಷನಲ್ ಜಿಯಾಗ್ರಫಿಕ್ ಚಾನೆಲ್ ಕೆಂಟುಕಿಯ ಮಿಡಲ್ಸ್‌ಬರೋದ ಪಾಸ್ಟರ್ ಜೇಮಿ ಕೂಟ್ಸ್ ಮೇಲೆ ಧಾರಾವಾಹಿಯನ್ನೇ ಮಾಡಿತು. ಕಾನೂನು ದಂಡ ಹಾಕುವ ಕೆಲಸವನ್ನು ಚಾನೆಲ್ಲು ಜಾಹೀರಾತಿನ ನಡುವೆ ಮಾರಿತು. 2014ರ ಫೆಬ್ರುವರಿ 15ರಂದು ಚರ್ಚಿನಲ್ಲಿ ಕೂಟ್ಸ್ ಕೈಗೆ ಹಾವು ಕಚ್ಚಿತು. ಆಂಬುಲೆನ್ಸ್ ಬಂತು, ಬೇಡವೆಂದು ಕಳಿಸಿದರು, ಅಂದು ರಾತ್ರಿಯೇ ಅವರು ತೀರಿಹೋದರು. ಆ ಮನುಷ್ಯ ನಂಬಿದ್ದನ್ನು ನಂಬಿದ ಹಾಗೇ ಬದುಕಿದರು, ನಗು ಬರುವುದಿಲ್ಲ. ಸೋಫಾದಲ್ಲಿ ಕೂತು ನೋಡುತ್ತ ಇನ್ನೇನು ಕಚ್ಚುತ್ತದೆ ಎಂದು ಕಾದವರ ಬಗ್ಗೆ ಮಾತ್ರ ಯಾವ ರಾಜ್ಯದಲ್ಲೂ ಕಲಮು ಇಲ್ಲ.

ಅದೇ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಟೆನೆಸ್ಸೀಯ ಇನ್ನೊಬ್ಬ ತರುಣ ಪಾಸ್ಟರ್ ಚರ್ಚಿಗೆ 2013ರ ನವೆಂಬರಿನಲ್ಲಿ ವನ್ಯಜೀವಿ ಇಲಾಖೆಯವರು ನುಗ್ಗಿ 53 ಹಾವು ಜಪ್ತಿ ಮಾಡಿದರು. ಇವರಿಗೆ ಮನುಷ್ಯರ ಪ್ರಾಣಕ್ಕಿಂತ ಹಾವಿನ ಲೈಸೆನ್ಸು ಮುಖ್ಯ. ಎರಡು ತಿಂಗಳಿಗೆ ಗ್ರ್ಯಾಂಡ್ ಜ್ಯೂರಿ ಕೂತು, ಪಾಸ್ಟರ್ ಮೇಲೆ ಆರೋಪ ಹೊರಿಸಲು ಒಪ್ಪಲಿಲ್ಲ. ಪಾಸ್ಟರ್ ನಗುನಗುತ್ತ ಮನೆಗೆ ಹೋದರು. ಹಾವುಗಳನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.