ಹೋಗಬೇಕಾಗಿತ್ತು ಅಂದರೆ ಎಷ್ಟು ಪದ?

2019ರ ನವೆಂಬರಿನಲ್ಲಿ ನಾನೊಂದು ಹುಚ್ಚಿಗೆ ಬಿದ್ದಿದ್ದೆ. ಮೂವತ್ತು ದಿನದಲ್ಲಿ ಐವತ್ತು ಸಾವಿರ ಪದದ ಕಾದಂಬರಿ ಬರೆಯುವ ಹುಚ್ಚು. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದಳು. "ಮಾವ, ನೀವು ಕನ್ನಡದಲ್ಲಿ ಬರೀರಿ, ನೋಡೋಣ ಯಾರು ಮೊದಲು ಮುಗಿಸ್ತಾರೆ" ಅಂದಳು. ನಾನು ಮಾಷ್ಟ್ರು. ಮಕ್ಕಳೆದುರು ಸೋಲುವುದು ನಮ್ಮ ಜಾತಿಗೆ ಆಗುವುದಿಲ್ಲ. ಸರಿ ಅಂದೆ.

ದಿನಕ್ಕೆ 1,667 ಪದ ಆಗಬೇಕು. ಒಂಬತ್ತನೇ ದಿನ ಅವಳದು ಹದಿನಾರು ಸಾವಿರ ದಾಟಿತ್ತು. ನನ್ನದು ಆರು ಸಾವಿರ ಚಿಲ್ಲರೆ. ಅವಳಷ್ಟೇ ಹೊತ್ತು ನಾನೂ ಕೂರುತ್ತಿದ್ದೆ, ಅವಳಷ್ಟೇ ಚಾ ಕುಡಿಯುತ್ತಿದ್ದೆ. ಆ ರಾತ್ರಿ "ಹೋಗಬೇಕಾಗಿತ್ತು" ಅಂತ ಬರೆದು ಕೆಳಗಿನ ಲೆಕ್ಕ ನೋಡಿದೆ. ಒಂದು ಪದ. ಅವಳಾದರೆ "ಐ ಶುಡ್ ಹ್ಯಾವ್ ಗಾನ್" ಅಂತ ನಾಲ್ಕು ಪದ ಎಣಿಸಿಕೊಳ್ಳುತ್ತಿದ್ದಳು. "ಮನೆಯೊಳಗಿನಿಂದಲೇ" ಅಂದರೂ ನನಗೆ ಒಂದೇ. ನಮ್ಮ ಭಾಷೆಯಲ್ಲಿ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಕಾಲ, ವಿಭಕ್ತಿ, ಒತ್ತು, ಅನುಮಾನ, ಎಲ್ಲ. ಇಂಗ್ಲಿಷಿನ ಐವತ್ತು ಸಾವಿರವೂ ಕನ್ನಡದ ಐವತ್ತು ಸಾವಿರವೂ ಒಂದೇ ದೂರದ ಓಟ ಅಲ್ಲವೇ ಅಲ್ಲ.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆ. ಪದ ಒಡೆಯಲು ಶುರು ಮಾಡಿದೆ. "ಹೋಗ ಬೇಕು ಆಗಿ ಇತ್ತು." ನಾಲ್ಕು ಪದ! ಎರಡು ದಿನ ಹೀಗೆ ಬರೆದೆ. ಹನ್ನೊಂದನೇ ದಿನ ಓದಿ ನೋಡಿದರೆ ನನ್ನ ನಾಯಕ ಜ್ವರ ಬಂದವನ ಹಾಗೆ ಮಾತಾಡುತ್ತಿದ್ದ. ಅಲ್ಲಿಗೆ ಬಿಟ್ಟೆ.

ಆ ಸವಾಲಿನ ಹೆಸರು ನ್ಯಾನೋರೈಮೋ. 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಕ್ರಿಸ್ ಬೇಟಿ ಅನ್ನುವವರು 21 ಜನರನ್ನು ಕಟ್ಟಿಕೊಂಡು ಶುರು ಮಾಡಿದ್ದು. ಮೊದಲ ವರ್ಷ ಜುಲೈಯಲ್ಲಿ ನಡೆದು ಮರುವರ್ಷ ನವೆಂಬರಿಗೆ ಬಂತು. ಆಮೇಲೆ ಲಕ್ಷಗಟ್ಟಲೆ ಜನ ಸೇರಿದರು. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಮುಚ್ಚುವುದಾಗಿ ಹೇಳಿತು. ಅದನ್ನು ಬೈಯಲಾರೆ. ದಿನಾ ಕೂರುವ ಅಭ್ಯಾಸ ಅದರಿಂದಲೇ ಬಂತು. ಆದರೆ ಲೆಕ್ಕ ನೋಡುತ್ತಾ ಬರೆದದ್ದು ನನಗೆ ಹಿಡಿಸಲಿಲ್ಲ. ನವೆಂಬರ್ ಅಂದರೆ ನಮ್ಮ ತೋಟದಲ್ಲಿ ಅಡಕೆ ಕೊಯ್ಲು ಶುರುವಾಗುವ ಹೊತ್ತು ಬೇರೆ.

ನಾನಿರುವುದು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ. ನಮ್ಮನ್ನು ಹೊರನಾಡ ಕನ್ನಡಿಗರು ಅನ್ನುತ್ತಾರೆ. ನಾವು ಎಲ್ಲಿಗೂ ಹೋದವರಲ್ಲ, 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಯೇ ಸರಿದು ನಾವು ಕೇರಳದೊಳಗಾದೆವು. ಹಾಗಾಗಿ ಆ ದಿನ ನಮಗೆ ರಾಜ್ಯೋತ್ಸವವೂ ಹೌದು, ಕೇರಳದ ಹುಟ್ಟುಹಬ್ಬವೂ ಹೌದು. ಪಾಯಸ ಎರಡು ಕಡೆ ಸಿಗುತ್ತದೆ, ಅಷ್ಟು ಲಾಭ.

ಗಡಿಯಲ್ಲಿ ಕೂತರೆ ಎರಡೂ ಕಡೆಯ ರೀತಿ ಕಾಣುತ್ತದೆ. ಕರ್ನಾಟಕದ ಕಡೆ ಬರೆಯುವವರನ್ನು ಎಬ್ಬಿಸುವುದು ಹೆಚ್ಚಾಗಿ ಸ್ಪರ್ಧೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ಕತೆ ಕಳಿಸದ ಕತೆಗಾರರು ಕಡಿಮೆ ಇರಬೇಕು. ನಾನೂ ಕಳಿಸಿದ್ದೇನೆ. ಸ್ಪರ್ಧೆಯಿಂದ ಒಂದು ಕತೆ ಮುಗಿಯುತ್ತದೆ, ನಿಜ. ಮುಂದಿನ ಕತೆಗೆ ಮುಂದಿನ ದೀಪಾವಳಿಯೇ ಬರಬೇಕು, ಅದೇ ತೊಂದರೆ.

ಇನ್ನೊಂದು, ಕವಿಗೋಷ್ಠಿ. ಒಮ್ಮೆ ಗಡಿಯಾಚೆಯ ಊರೊಂದರಿಂದ ಕರೆ ಬಂತು. 22 ಕವಿಗಳು, ತಲಾ ಮೂರು ನಿಮಿಷ. ಸಭೆಯಲ್ಲಿ ಕೂತವರೂ ಅದೇ 22 ಕವಿಗಳು. ಓದಿ ಮುಗಿಸಿದವರು ಬಸ್ಸಿನ ಹೊತ್ತು ನೋಡಿ ಒಬ್ಬೊಬ್ಬರೇ ಜಾರಿದರು. ಕೊನೆಯ ಕವಿ ಓದುವಾಗ ಮೈಕಿನವನೂ ನಾನೂ ಇದ್ದೆವು. ನನಗೆ ಶಾಲು ಸಿಕ್ಕಿತು, ಸ್ಮರಣಿಕೆ ಸಿಕ್ಕಿತು, ಅದರಲ್ಲಿ ನನ್ನ ಹೆಸರು ತಪ್ಪಾಗಿತ್ತು. ಅದಾದರೂ ಹೋಗಲಿ. ಕವಿತೆಯ ಒಂದು ಸಾಲನ್ನು ಎತ್ತಿ "ಇದು ಚೆನ್ನಾಗಿಲ್ಲ" ಅಂತ ಹೇಳಲೂ ಒಬ್ಬರಿರಲಿಲ್ಲ. ವಾಪಸ್ ಬಂದ ಮೇಲೆ ನಾಲ್ಕು ತಿಂಗಳು ನಾನು ಒಂದಕ್ಷರ ಬರೆಯಲಿಲ್ಲ.

ಈಚೆ ಕಡೆ ನೋಡಿ ನಾನು ಹೊಟ್ಟೆಕಿಚ್ಚು ಪಡುವುದು ಒಂದಕ್ಕೇ. ವಾಚನಾಲಯ. ಮಲಯಾಳಿಗಳು ಹಳ್ಳಿಹಳ್ಳಿಯಲ್ಲಿ ಕಟ್ಟಿಕೊಂಡಿದ್ದಾರೆ. ಗ್ರಂಥಾಲಯ ಚಳವಳಿ ಬೆಳೆಸಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ಜೂನ್ 19 ಇಲ್ಲಿ ವಾಚನ ದಿನ. ಶಾಲೆಗಳಲ್ಲಿ ಆ ವಾರವಿಡೀ ಪುಸ್ತಕದ್ದೇ ಗಲಾಟೆ. ಸಂಜೆ ಆರು ಗಂಟೆಗೆ ಮುಂಡು ಎತ್ತಿ ಕಟ್ಟಿಕೊಂಡು ಬಂದು ಪೇಪರ್ ಓದಿ, ಅದರ ಮೇಲೆ ಜಗಳ ಮಾಡಿ ಹೋಗುವ ಜನ ಇರುವಾಗ, ಬರೆದದ್ದನ್ನು ಓದಿ ಹೇಳಲು ಸಭೆ ಕರೆಯಬೇಕಾಗಿಲ್ಲ. ಕಿವಿಗಳು ಅಲ್ಲೇ ಇರುತ್ತವೆ.

ನಮ್ಮ ಗುಂಪು ಹುಟ್ಟಿದ್ದೂ ಅಂಥ ಒಂದು ಜಗಲಿಯಲ್ಲೇ. ಐದು ಜನ. ನಾನು, ಟೈಲರಿಂಗ್ ಮಾಡುವ ಒಬ್ಬ ಅಕ್ಕ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಒಬ್ಬ ನರ್ಸ್, ಮತ್ತೆ ಎಪ್ಪತ್ತು ದಾಟಿದ ಅಡಕೆ ಕೃಷಿಕರು. ಇವರನ್ನು ಎಲ್ಲರೂ ಮಾವ ಅನ್ನುತ್ತಾರೆ. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಹಳೆಯ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಚೀಟಿಗಳಿವೆ. ಒಂದು ಎತ್ತುತ್ತೇವೆ. ಮುಂದಿನ ತಿಂಗಳು ಅದರ ಮೇಲೆ ಒಂದು ಪುಟ ಬರೆದು ತರಬೇಕು.

ಮೊದಲ ಆರು ತಿಂಗಳು ನೀರಸ. ಚೀಟಿಯಲ್ಲಿ "ಅಮ್ಮ" ಬಂದರೆ ಐವರದೂ ಒಂದೇ ಅಮ್ಮ, ಸೆರಗು, ಕಣ್ಣೀರು, ತುತ್ತು. "ಮಳೆ" ಬಂದರೆ ಐವರಿಗೂ ಹಂಚಿನ ಮನೆ, ಹಪ್ಪಳ. ಶಾಲೆಯ ಪ್ರಬಂಧದಲ್ಲೂ ಹೀಗೇ. ಕೆಲವು ಮಕ್ಕಳು ಪರಿಸರದ ಮೇಲೆ ಒಂದು ಪ್ರಬಂಧ ಬಾಯಿಪಾಠ ಮಾಡಿರುತ್ತಾರೆ. ವಿಷಯ ಕ್ರಿಕೆಟ್ ಇರಲಿ, ಗಾಂಧಿ ಇರಲಿ, ನಾಲ್ಕನೇ ಸಾಲಿಗೆ ಮರ ಕಡಿಯುವುದು ಬರುತ್ತದೆ. ನಾವೂ ಅಷ್ಟೇ. ಬರೀ ವಿಷಯ ಕೊಟ್ಟರೆ ತಲೆ ಹಳೆಯ ದಾರಿಯಲ್ಲೇ ನಡೆಯುತ್ತದೆ.

ದಾರಿಗೆ ಅಡ್ಡ ಕಲ್ಲು ಹಾಕುವುದು ನಮಗೆ ಹೊಸತೇನಲ್ಲ. ಅವಧಾನ, ಅಂದರೆ ಸಭೆಯಲ್ಲೇ ಪದ್ಯ ಕಟ್ಟಿ ಹೇಳುವ ಕಲೆ, ಅದರಲ್ಲಿ ಪ್ರಶ್ನೆ ಹಾಕುವ ಪೃಚ್ಛಕರು ಮಾಡುವುದೇ ಅದು. ಸಮಸ್ಯಾಪೂರಣದಲ್ಲಿ ಅರ್ಥವೇ ಕೂಡದ ಒಂದು ಸಾಲು ಕೊಟ್ಟು ಉಳಿದದ್ದನ್ನು ನೀವೇ ಕೂಡಿಸಿ ಅನ್ನುತ್ತಾರೆ. ದತ್ತಪದಿಯಲ್ಲಿ ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು ಪದ್ಯದಲ್ಲಿ ಸೇರಿಸಿ ಅನ್ನುತ್ತಾರೆ. ನಿಷೇಧಾಕ್ಷರಿಯಲ್ಲಂತೂ ನೀವು ಒಂದಕ್ಷರ ಹೇಳಿದ ಕೂಡಲೇ ಮುಂದೆ ಬರಬಹುದಾದ ಅಕ್ಷರಕ್ಕೇ ತಡೆ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನಮ್ಮ ತಾಳಮದ್ದಳೆಯನ್ನೇ ನೋಡಿ. ರಾಮನ ಅರ್ಥ, ಅಂದರೆ ರಾಮನ ಪಾತ್ರದ ಮಾತು, ಹೇಳುವವರು ಮನೆಯಲ್ಲಿ ಎಷ್ಟು ಕಟ್ಟಿಕೊಂಡು ಬಂದರೂ, ಎದುರಿನ ವಾಲಿ ಹೊಸ ಪ್ರಶ್ನೆ ಎಸೆದರೆ ಕಟ್ಟಿದ್ದೆಲ್ಲ ಹೋಯಿತು. ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಕೂತವರ ಪಾಡನ್ನು ನಮ್ಮಲ್ಲಿ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ.

ಹಾಗೆ ನಾವೂ ಚೀಟಿಯ ಜೊತೆ ಒಂದು ತಡೆ ಸೇರಿಸಿದೆವು. ಪದ ಒಬ್ಬರದು, ತಡೆ ಇನ್ನೊಬ್ಬರದು. ಜಡಿಮಳೆಯ ಆಟಿ ತಿಂಗಳಲ್ಲಿ "ಮಳೆ" ಅನ್ನುವ ಪದ ಬಳಸದೆ ಆಟಿಯ ಬಗ್ಗೆ ಬರೆಯಬೇಕು ಅಂತಾಯಿತು. ನರ್ಸ್ ಬರೆದದ್ದು ಒಲೆಯ ಮೇಲೆ ಕಟ್ಟಿದ ಹಗ್ಗದ ಬಗ್ಗೆ. ಅದರಲ್ಲಿ ಒಣಗಿದ ಯೂನಿಫಾರ್ಮ್ ಹಾಕಿಕೊಂಡು ಹೋದರೆ ಕ್ಲಾಸಿನಲ್ಲಿ ಅರ್ಧ ಮಕ್ಕಳು ಹೊಗೆ ವಾಸನೆ, ಅರ್ಧ ಮಕ್ಕಳು ಮುಗ್ಗು ವಾಸನೆ. ಯಾರ ಮನೆಯಲ್ಲಿ ಗ್ಯಾಸ್ ಬಂದಿದೆ ಅಂತ ಮೂಗಿಗೇ ಗೊತ್ತಾಗುತ್ತಿತ್ತಂತೆ.

ಇನ್ನೊಮ್ಮೆ ಚೀಟಿಯಲ್ಲಿ "ಸುರಂಗ" ಬಂತು. ನಮ್ಮ ಕಡೆ ಸುರಂಗ ಅಂದರೆ ರೈಲಿನದ್ದಲ್ಲ. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದು ನೀರು ತರುವ ದಾರಿ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ತಡೆ ಏನೆಂದರೆ ನೀರು, ಕತ್ತಲೆ ಎರಡೂ ಬರಬಾರದು. ನಾಲ್ವರು ಬಾವಲಿ ಹಿಡಿದುಕೊಂಡು ಬಂದೆವು. ಮಾವ ಬರೆದದ್ದು ಮಣ್ಣಿನ ಬಗ್ಗೆ. ಅವರ ಅಪ್ಪ ಒಳಗೆ ಕೂತು ಕೊರೆಯುವಾಗ ಅಮ್ಮ ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊರಗೆ ಹಾಕುತ್ತಿದ್ದರು. ಮೂವತ್ತು ಕೋಲು ಉದ್ದದ ಸುರಂಗದ ಮಣ್ಣು ಎಲ್ಲಿ ಹೋಯಿತು? ಮನೆಯ ಅಂಗಳವೇ ಅದು. ಈಗಲೂ ಅವರು ಅಡಕೆ ಒಣಗಿಸುವುದು ಅದರ ಮೇಲೆ.

ಓದಿ ಮುಗಿಸಿದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಟೈಲರ್ ಅಕ್ಕ ಕೇಳಿದರು, "ಹಾಗಾದ್ರೆ ನಾವು ಮೊನ್ನೆ ನಿಮ್ಮಲ್ಲಿಗೆ ಬಂದಾಗ ನಡೆದದ್ದು ಗುಡ್ಡದ ಹೊಟ್ಟೆಯ ಮೇಲೆ ಅಲ್ವಾ ಮಾವ?" ಮಾವ ಪೆನ್ನು ತೆಗೆದು ಅದನ್ನು ಅಂಚಿನಲ್ಲಿ ಬರೆದುಕೊಂಡರು.

ಬ್ಯಾಂಕಿನವರು ಮಾತ್ರ ಈ ತಡೆಯನ್ನು ಒಪ್ಪುವುದಿಲ್ಲ. "ಮಾಷ್ಟ್ರೇ, ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟು ಬರೆದವರು. ನೀವು ನೂರು ವರ್ಷ ಆದ ಮೇಲೆ ಪುನಃ ಹಗ್ಗ ತಂದು ಕಟ್ಟುವುದಾ?" ಅನ್ನುತ್ತಾರೆ. ಒಳ್ಳೆಯ ಮಾತು. ಆದರೆ ಪೈಗಳು ಪ್ರಾಸ ಬಿಟ್ಟರು, ಲಯ ಬಿಡಲಿಲ್ಲ. ಯಾರೋ ಕಟ್ಟಿದ ಹಗ್ಗ ಬಿಚ್ಚಿ ತಮಗೆ ಬೇಕಾದ್ದನ್ನು ಕಟ್ಟಿಕೊಂಡರು ಅಂತ ನನ್ನ ವಾದ. ಇದು ಇನ್ನೂ ತೀರ್ಮಾನವಾಗಿಲ್ಲ. ಬ್ಯಾಂಕಿನವರು ತಡೆ ಮುರಿದೇ ಬರೆಯುತ್ತಾರೆ, ಒಂದು ತಿಂಗಳೂ ತಪ್ಪಿಸುವುದಿಲ್ಲ. ಜಗಳಕ್ಕಾದರೂ ಬರೆದು ತರುತ್ತಾರಲ್ಲ!

ಅಕ್ಕನ ಮಗಳು ಮೊನ್ನೆ ಫೋನಿನಲ್ಲಿ ನಮ್ಮ ಲೆಕ್ಕ ಕೇಳಿದಳು. ತಿಂಗಳಿಗೆ ಒಂದು ಪುಟ, ಅಂದರೆ ವರ್ಷಕ್ಕೆ ಹನ್ನೆರಡು. "ಇದೆಂಥ ಸವಾಲು ಮಾವ, ನಾನು ಎರಡು ದಿನದಲ್ಲಿ ಬರೀತೇನೆ" ಅಂದಳು. ಅವಳ ಆ ವರ್ಷದ ಕಾದಂಬರಿ ಯಾರು ಓದಿದರು ಅಂತ ಕೇಳಿದೆ. ಲ್ಯಾಪ್‌ಟಾಪಿನಲ್ಲಿದೆ ಅಂದಳು. ನನ್ನ ಹನ್ನೊಂದು ದಿನದ್ದೂ ಹಾಗೇ ಬಿದ್ದಿದೆ, ಆ ಒಡೆದ ಪದಗಳ ಜೊತೆ. ಹಾಗಾಗಿ ನಾನೂ ಜಾಸ್ತಿ ಮಾತಾಡಲಿಲ್ಲ.

ಈ ತಿಂಗಳ ಚೀಟಿ "ತಕ್ಕಡಿ". ತಡೆ ಹಾಕಿದ್ದು ಮಾವ, ಅಡಕೆ ಅನ್ನುವ ಪದ ಬರಬಾರದಂತೆ. ಅಡಕೆ ಬಿಟ್ಟು ನಮ್ಮೂರಲ್ಲಿ ತಕ್ಕಡಿಗೆ ಬೇರೆ ಏನು ಹಾಕುತ್ತಾರೆ? ನಿನ್ನೆ ಪೇಟೆಗೆ ಹೋಗಿ ಮೀನಿನಂಗಡಿಯ ಎದುರು ಕಾಲು ಗಂಟೆ ನಿಂತಿದ್ದೆ. ಮೀನು ತಿನ್ನದ ಮಾಷ್ಟ್ರು ಇಲ್ಲೇನು ಮಾಡುತ್ತಿದ್ದಾರೆ ಅಂತ ಅಂಗಡಿಯವನು ಎರಡು ಸಲ ನೋಡಿದ. ಭಾನುವಾರಕ್ಕೆ ಇನ್ನು ನಾಲ್ಕು ದಿನ ಇದೆ.