ಕಾರ್ಖಾನೆಯಲ್ಲಿ ಕಾಯ್ದ ಕಿವಿಯನ್ನು ಶಾಲೆಯಲ್ಲಿ ಕಾಯುವವರಿಲ್ಲ

ನಿನ್ನೆ ಸಂಜೆ ಮಗಳ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನ ಮುಗಿಸಿ ಬಂದವನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಪುಣೆ ಹತ್ತಿರದ ಪಿಂಪ್ರಿಯಲ್ಲಿ, ಲೋಹದ ತಗಡನ್ನು ಯಂತ್ರದಲ್ಲಿ ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ಶಾಪಿನಲ್ಲಿ, ನಾನು ಇಪ್ಪತ್ತೆರಡು ವರ್ಷ ದುಡಿದದ್ದು ಗೆಳೆಯರಿಗೆಲ್ಲ ಗೊತ್ತೇ ಇದೆ. ನನ್ನ ಬಲಗಿವಿಯಲ್ಲಿ ಹಗಲುರಾತ್ರಿ ಗುಂಯ್‌ಗುಡುವ ಸದ್ದು ಅಲ್ಲಿಂದ ಬಂದದ್ದು. ಮೊದಲ ವರ್ಷಗಳಲ್ಲಿ ಇಯರ್ ಪ್ಲಗ್ ಹಾಕಿಕೊಳ್ಳದೆ ಉದಾಸೀನ ಮಾಡಿದ್ದು ನನ್ನದೇ ತಪ್ಪು. ಆಮೇಲೆ ಪ್ಲಗ್ ಇಲ್ಲದವನನ್ನು ಸೂಪರ್‌ವೈಸರ್ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು, ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆಯೂ ಆಗುತ್ತಿತ್ತು.

ನಿನ್ನೆ ಮೈದಾನದಲ್ಲಿ ವೇದಿಕೆಯ ಎರಡೂ ಬದಿಗೆ ಆಳೆತ್ತರಕ್ಕೆ ಸ್ಪೀಕರ್‌ಗಳನ್ನು ಪೇರಿಸಿದ್ದರು, ಹತ್ತೇ ಹೆಜ್ಜೆ ದೂರದ ಜಮಖಾನೆಯ ಮೇಲೆ ಎಂಟನೆಯ ತರಗತಿಯ ಮಕ್ಕಳು ಕುಳಿತಿದ್ದರು. ಸದ್ದು ಅಳೆಯುವ ಫೋನಿನ ಆ್ಯಪ್ ಕರಾರುವಾಕ್ಕಾದ ಮಾಪಕವಲ್ಲ. ಆದರೂ ಅದು 100 ಡೆಸಿಬೆಲ್‌ನ ಆಸುಪಾಸಿನಿಂದ ಕೆಳಗಿಳಿಯಲೇ ಇಲ್ಲ. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆಯ ಮಿತಿ ಎಂದಿಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕರ್ಧ ಇಳಿಯುತ್ತ, 100ಕ್ಕೆ ಬರುವಷ್ಟರಲ್ಲಿ 15 ನಿಮಿಷ ಮಾತ್ರ ಉಳಿಯುತ್ತದೆ. ಅದೂ ದುಡಿಯುವ ದೊಡ್ಡವರಿಗಾಗಿ ಹಾಕಿದ ಲೆಕ್ಕ. ಈ ಮಕ್ಕಳು ಮೂರು ಗಂಟೆ ಕುಳಿತಿದ್ದರು. 2000ದ ಶಬ್ದಮಾಲಿನ್ಯ ನಿಯಮಗಳು ಶಾಲೆಯ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಶಾಂತ ವಲಯವೆಂದು ಘೋಷಿಸಲು ಅವಕಾಶ ಕೊಟ್ಟಿವೆ. ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಹೊರಗಿನ ಸದ್ದಿನಿಂದ ಶಾಲೆಯನ್ನು ಕಾಯಲು ಇಷ್ಟು ಯೋಚಿಸಿದವರು ನಾವು, ಒಳಗೆ ನಾವೇ ಎಬ್ಬಿಸುವ ಸದ್ದಿನಿಂದ ಮಕ್ಕಳನ್ನು ಕಾಯುವುದು ಬೇಡವೇ?

ಪಕ್ಕದಲ್ಲಿದ್ದ ನಮ್ಮೂರ ಕಡೆಯವರೊಬ್ಬರು, "ಬಿಡ್ರೀ, ವರ್ಷಕ್ಕೊಂದ್ ದಿನ ಹುಡುಗ್ರು ಕುಣೀಲಿ" ಎಂದರು. ಕುಣಿಯಬೇಡಿ ಎಂದವರು ಯಾರು? ತಾಲೀಮು ಮೂರು ವಾರ ಇದೇ ಸ್ಪೀಕರ್‌ಗಳ ಮುಂದೆಯೇ ನಡೆದಿದೆ, ಹಾಗಾಗಿ ಒಂದು ದಿನದ ಮಾತೂ ನಿಜವಲ್ಲ. ಒಂದೊಂದು ಕಿವಿಯೊಳಗೂ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಇದನ್ನು ನನಗೆ ಯಾರೂ ಹದಿಮೂರನೆಯ ವಯಸ್ಸಿಗೆ ಹೇಳಿರಲಿಲ್ಲ.

ರಾತ್ರಿ ಮಗಳು, "ಅಪ್ಪಾ, ಕಿವ್ಯಾಗ ಗುಂಯ್ ಅನ್ನಾಕತ್ತೈತಿ" ಎಂದಾಗ ನನ್ನ ಎದೆ ಧಸಕ್ಕೆಂದಿತು. ಬೆಳಿಗ್ಗೆ ಅವಳಿಗೆ ಕಡಿಮೆಯಾಗಿತ್ತು. ಹಳೆಯ ಡಬ್ಬಿ ತೆಗೆದು, ಸ್ಪಂಜಿನ ಪ್ಲಗ್ಗನ್ನು ಬೆರಳಲ್ಲಿ ಬತ್ತಿಯಂತೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯುವುದನ್ನು ಕಲಿಸಿದೆ. ಆದರೆ ಆ ಜಮಖಾನೆಯ ಮೇಲೆ ಕುಳಿತವಳು ಅವಳೊಬ್ಬಳೇ ಅಲ್ಲವಲ್ಲ. ಸ್ಪೀಕರ್‌ಗಳನ್ನು ಮಕ್ಕಳಿಂದ ದೂರವಿಡಿ, ಸದ್ದನ್ನು ಅಳೆಯಲು ಒಬ್ಬರನ್ನು ನೇಮಿಸಿ ಎಂದು ಮರಾಠಿಯಲ್ಲಿ ಅರ್ಜಿ ಬರೆದಿಟ್ಟಿದ್ದೇನೆ. ಸೋಮವಾರ ಮುಖ್ಯೋಪಾಧ್ಯಾಯಿನಿಯವರಿಗೆ ನಾನೇ ಕೊಡುತ್ತೇನೆ; ಅದೇ ಶಾಲೆಗೆ ಮಕ್ಕಳನ್ನು ಕಳಿಸುವ ಗೆಳೆಯರು ದಯವಿಟ್ಟು ನಾಳೆ ಮನೆಗೆ ಬಂದು ಸಹಿ ಹಾಕಿ.